ಮರಿಗಳಿಗೊಂದು ಮರೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಹುಳಿಯಾರಿನ ಸಮೀಪ, ಗುಡ್ಡಗಳ ನಡುವೆ, ಸುವರ್ಣಮುಖಿ ಹೊಳೆಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯವದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದರ ತಳ ಬಿರುಕು ಬಿಡುತ್ತದೆ. ನೀರು ನಿಂತ ವರ್ಷಗಳಲ್ಲಿ ಅಂಚಿನ ಜೊಂಡಿನ ಬಳಿ ಬಗ್ಗಿ ನೋಡಿದರೆ, ಸಾಸಿವೆಗಿಂತ ತುಸು ದೊಡ್ಡದಾದ ಕಣ್ಣುಗಳ ಮೀನಿನ ಮರಿಗಳು ಗುಂಪುಗುಂಪಾಗಿ ಸುಳಿಯುತ್ತವೆ. ನಮ್ಮ ನೆರಳು ಬಿದ್ದೊಡನೆ ಅವೆಲ್ಲವೂ ಜೊಂಡಿನೊಳಗೆ ಮಾಯವಾಗುತ್ತವೆ. ಈ ನೋಟವನ್ನು ನಾನು ಎಷ್ಟೋ ಸಲ ಕಂಡಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ನಮ್ಮ ಮನೆಯ ಪಡಸಾಲೆಯಲ್ಲಿದ್ದ ಎರಡು ಅಡಿಯ ಗಾಜಿನ ತೊಟ್ಟಿಯಿಂದ.

ನಮ್ಮದು ತೆಂಗಿನ ತೋಟದ ಮನೆ. ದನಗಳಿಗೆ ನೀರು ತುಂಬಿಸುವ ಸಿಮೆಂಟಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳಾಗಿವೆಯೆಂದು ಆರೋಗ್ಯ ಇಲಾಖೆಯ ಸಹಾಯಕರೊಬ್ಬರು ಒಂದು ದಿನ ಹಿಡಿಯಷ್ಟು ಗಪ್ಪಿ ಮೀನುಗಳನ್ನು ತಂದು ಬಿಟ್ಟರು. ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಅದರ ಪಕ್ಕದ ಟ್ರಿನಿಡಾಡ್ ದ್ವೀಪಗಳು ಈ ಮೀನಿನ ತವರು. 1866ರಲ್ಲಿ ಟ್ರಿನಿಡಾಡಿನಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಇದನ್ನು ಕಳುಹಿಸಿದ ಗಪ್ಪಿ ಎಂಬ ಮಹನೀಯರ ಹೆಸರೇ ಇದಕ್ಕೆ ಉಳಿದುಕೊಂಡಿತು. ಸೊಳ್ಳೆಯ ಮರಿಗಳನ್ನು ತಿನ್ನುವ ಸ್ವಭಾವದಿಂದಾಗಿ ಅದು ಸಮುದ್ರಗಳನ್ನು ದಾಟಿ ನಮ್ಮ ಬಾವಿಗಳಿಗೂ ಬಂತು. ಕೋಲಾರ, ಹಾಸನ ಜಿಲ್ಲೆಗಳ ಹಳ್ಳಿಗಳ ಬಾವಿಗಳಲ್ಲಿ ಇಂತಹ ಮೀನುಗಳನ್ನು ಬಿಟ್ಟು ಮಲೇರಿಯಾವನ್ನು ಹತೋಟಿಗೆ ತಂದ ಪ್ರಯತ್ನಗಳು ನಡೆದಿವೆ.

ಒಂಬತ್ತನೆಯ ತರಗತಿಯಲ್ಲಿದ್ದ ನಮ್ಮ ಮಗ ಆ ತೊಟ್ಟಿಯಿಂದ ನಾಲ್ಕು ಹೆಣ್ಣು, ಎರಡು ಗಂಡು ಮೀನುಗಳನ್ನು ಗಾಜಿನ ತೊಟ್ಟಿಗೆ ತಂದ. ಗಂಡು ಸಣ್ಣದು, ಬಾಲದ ತುಂಬ ಬಣ್ಣ. ಹೆಣ್ಣು ದೊಡ್ಡದು, ಬೂದು ಮೈ. ನಮ್ಮ ಕೊಳವೆಬಾವಿಯ ಗಡಸು ನೀರು ಅವುಗಳಿಗೆ ಚೆನ್ನಾಗಿಯೇ ಒಗ್ಗಿತು. ಗಪ್ಪಿ ಮೊಟ್ಟೆಯಿಡುವ ಮೀನಲ್ಲ, ಮರಿ ಹಾಕುವ ಮೀನು. ಬಸುರಾದ ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆಯೊಂದು ದಿನದಿಂದ ದಿನಕ್ಕೆ ಗಾಢವಾಗುತ್ತದೆ. ಸುಮಾರು ನಾಲ್ಕು ವಾರಗಳಲ್ಲಿ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮರಿಗಳು ಹುಟ್ಟುತ್ತವೆ. ಹುಟ್ಟಿದ ಗಳಿಗೆಯಿಂದಲೇ ಅವು ಈಜಬಲ್ಲವು.

ಒಂದು ಮುಂಜಾನೆ ಮಗನ ಕೂಗು ಕೇಳಿ ಓಡಿ ಬಂದೆ. ತೊಟ್ಟಿಯಲ್ಲಿ ಹತ್ತಾರು ಮರಿಗಳು ದಿಕ್ಕೆಟ್ಟು ಓಡಾಡುತ್ತಿದ್ದವು. ದೊಡ್ಡ ಮೀನುಗಳು ಅವುಗಳ ಬೆನ್ನಟ್ಟಿದ್ದವು. ನಾವು ಪಾತ್ರೆ ಹುಡುಕಿ ತರುವಷ್ಟರಲ್ಲಿ ಉಳಿದದ್ದು ಎರಡೇ ಎರಡು.

“ಅಮ್ಮಾ, ಹೆತ್ತ ತಾಯಿಯೇ ತಿಂದುಬಿಟ್ಟಳಲ್ಲ!” ಎಂದು ಮಗ ಅತ್ತ.

ಅದೆಂತಹ ತಾಯಿ ಎಂದು ನಾನೂ ಆ ಮೀನನ್ನು ಶಪಿಸಿದೆ. ಪಡಸಾಲೆಯ ಮೂಲೆಯಲ್ಲಿ ಕುಳಿತು ಜಪಸರ ಮಾಡುತ್ತಿದ್ದ ಅತ್ತೆಯವರು ಮಾತ್ರ ತಲೆಯೆತ್ತಿ, “ಬಾಣಂತಿಗೊಂದು ಮೂಲೆ, ಕೂಸಿಗೊಂದು ಮರೆ ಬೇಡವೇನಮ್ಮ? ಬರೀ ಗಾಜಿನಲ್ಲಿ ಇಟ್ಟರೆ ಇನ್ನೇನಾದೀತು?” ಎಂದರು.

ಅವರ ಮಾತು ನಿಜವಾಗಿತ್ತು. ಆ ಮೀನಿಗೆ ತನ್ನ ಮರಿಯ ಗುರುತಿಲ್ಲ. ಕಣ್ಣೆದುರು ಅಲುಗಾಡುವ ಸಣ್ಣದೆಲ್ಲವೂ ಅದಕ್ಕೆ ಆಹಾರವೇ. ಹೊಳೆಯಲ್ಲಾದರೆ ಮರಿಗಳು ಅಂಚಿನ ಹುಲ್ಲು, ಬೇರು, ಪಾಚಿಗಳ ನಡುವೆ ಚದುರಿ ಅನೇಕವು ಉಳಿದುಕೊಳ್ಳುತ್ತವೆ. ನಾವು ಮೀನು ಚೆನ್ನಾಗಿ ಕಾಣಲೆಂದು ತೊಟ್ಟಿಯನ್ನು ಖಾಲಿಯಾಗಿಯೂ ಶುಭ್ರವಾಗಿಯೂ ಇಟ್ಟಿದ್ದೆವು. ನಮ್ಮ ನೋಟಕ್ಕೆ ಅಂದವಾದುದೇ ಮರಿಗಳಿಗೆ ಮೃತ್ಯುವಾಗಿತ್ತು.

ಒಮ್ಮೆ ಕೂಡಿದ ಹೆಣ್ಣು ಗಪ್ಪಿ ಮತ್ತೆ ಕೂಡದಿದ್ದರೂ ಹಲವು ತಿಂಗಳು ಮರಿ ಹಾಕಬಲ್ಲದು. ಹಾಗಾಗಿ ನಮಗೆ ಎರಡನೆಯ ಅವಕಾಶ ದೊರೆಯಿತು. ಮಗ ತೆಂಗಿನ ನಾರನ್ನು ಕುದಿಸಿ, ಕೆಂಪು ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ಸಡಿಲವಾದ ಕಟ್ಟು ಮಾಡಿ ನೀರಿನಲ್ಲಿ ಇಳಿಬಿಟ್ಟ. ಮೇಲೆ ತೇಲುವಂತೆ ನೀರುಸಸ್ಯಗಳನ್ನು ಹಾಕಿದ. ನೀರು ಶೋಧಿಸುವ ಯಂತ್ರ ಮರಿಗಳನ್ನು ಎಳೆದುಕೊಳ್ಳದಿರಲೆಂದು ಅದರ ಬಾಯಿಗೆ ಸ್ಪಂಜು ಕಟ್ಟಿದ. ಬಸುರಿ ಮೀನನ್ನು ಕೊನೆಯ ದಿನಗಳಲ್ಲಿ ಹಿಡಿದು ಬೇರೆಡೆಗೆ ಹಾಕಿದರೆ ಅದು ಬೆದರಿ ದಿನ ತುಂಬುವ ಮುನ್ನವೇ ಮರಿ ಹಾಕುವುದುಂಟು. ಆದ್ದರಿಂದ ಅದನ್ನು ಅಲ್ಲಿಯೇ ಬಿಟ್ಟೆವು.

ಈ ಸಲ ಮರಿಗಳು ಹುಟ್ಟಿದ್ದು ನಮಗೆ ತಿಳಿಯಲೇ ಇಲ್ಲ. ಎರಡು ದಿನಗಳ ಅನಂತರ ನಾರಿನ ಎಳೆಗಳ ನಡುವೆ ಕಣ್ಣುಗಳು ಹೊಳೆದವು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ, ಸೂಜಿಮೊನೆಯಷ್ಟು, ದಿನಕ್ಕೆ ಮೂರು ನಾಲ್ಕು ಸಲ ಕೊಡುತ್ತಿದ್ದೆವು. ಹೆಚ್ಚಾದರೆ ನೀರು ಕೆಟ್ಟು ಮರಿಗಳು ಸಾಯುತ್ತವೆ. ಉಳಿದ ಆಹಾರವನ್ನು ತೆಗೆದು, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುತ್ತಿದ್ದೆವು. ಅತಿಯಾದ ಪ್ರೀತಿಯೂ ನೀರನ್ನು ಕೆಡಿಸುತ್ತದೆ ಎಂಬುದು ನನಗೆ ಆಗ ಮನದಟ್ಟಾಯಿತು.

ಓದುಗರೇ, ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಮೀನಿನ ಕಥೆಯಾಗುತ್ತಿತ್ತು. ಆದರೆ ಅದೇ ದಿನಗಳಲ್ಲಿ ಇನ್ನೊಂದು ಸಂಗತಿ ನಡೆಯಿತು.

ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವ ಬಗೆ ನಿಮಗೆ ಗೊತ್ತಿರಬಹುದು. ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲುಗಿಸಿದರೆ ಗುಡುಗುಡು ಎನ್ನುತ್ತದೆ. ಆಗಲೇ ಸುಲಿಯುವುದು. ಅವಸರಪಟ್ಟು ಮೊದಲೇ ಒಡೆದರೆ ಉಂಡೆ ಕೊಬ್ಬರಿ ಸಿಗದು. ಆ ವರ್ಷ ಕಾಯಿ ಇಳಿಸುವಾಗ ಅವುಗಳ ಸಂದಿಯಲ್ಲಿ ಮಡಿಸಿಟ್ಟ ಕಾಗದಗಳು ನನ್ನ ಕೈಗೆ ಸಿಕ್ಕವು. ಮಗನ ಗಣಿತದ ಕಿರುಪರೀಕ್ಷೆಯ ಮೂರು ಉತ್ತರಪತ್ರಿಕೆಗಳು. ಮೂರರಲ್ಲೂ ಅವನು ನಪಾಸಾಗಿದ್ದ. ನನ್ನ ಬಳಿ ಮಾತ್ರ, “ಪೇಪರ್ ಇನ್ನೂ ಕೊಟ್ಟಿಲ್ಲಮ್ಮ” ಎನ್ನುತ್ತ ಬಂದಿದ್ದ.

ಕೋಪದಿಂದ ನನ್ನ ಕೈ ನಡುಗಿತು. ಕಾಗದಗಳನ್ನು ಹಿಡಿದು ಪಡಸಾಲೆಗೆ ಬಂದೆ. ಮಗ ತೊಟ್ಟಿಯ ಮುಂದೆ ಕುಳಿತಿದ್ದ. ನನ್ನ ಕೈಯಲ್ಲಿದ್ದುದನ್ನು ಕಂಡೊಡನೆ ಅವನು ಎದ್ದು ಗೋಡೆಗೆ ಒತ್ತಿಕೊಂಡು ನಿಂತ. ಆ ನಿಲುವನ್ನು ನಾನು ಹಿಂದೆಯೂ ನೋಡಿದ್ದೆ. ಮೊದಲ ಮುಂಜಾನೆ, ಗಾಜಿನ ಮೂಲೆಗೆ ಒತ್ತಿಕೊಂಡು ನಡುಗುತ್ತಿದ್ದ ಮರಿಗಳಲ್ಲಿ.

“ಯಾಕೆ ಮುಚ್ಚಿಟ್ಟೆ?” ಎಂದೆ.

“ನೀನು ಬೈತೀಯ ಅಂತ” ಎಂದ. ಬಹಳ ಹೊತ್ತಿನ ಮೇಲೆ, “ಎಲ್ಲರ ಮುಂದೆ ಬೈತೀಯ ಅಂತ” ಎಂದು ಸೇರಿಸಿದ.

ನಾನು ಕೆಟ್ಟ ತಾಯಿಯಲ್ಲ. ಅವನು ಓದಿ ಮುಂದೆ ಬರಲೆಂದು ಹಂಬಲಿಸಿದವಳು. ಆದರೆ ಪೂಜೆ ಮುಗಿಸಿ ಹೊರಬಂದಾಗ ದೇವಾಲಯದ ಅಂಗಳದಲ್ಲಿಯೂ, ನೆಂಟರ ಮದುವೆಯಲ್ಲಿಯೂ ಅವನ ಅಂಕಗಳನ್ನು ಬೇರೆ ಮಕ್ಕಳ ಅಂಕಗಳೊಡನೆ ತೂಗಿ, ಅವನೆದುರೇ ಆಡಿಕೊಂಡಿದ್ದೆ. ನನ್ನ ಹಂಬಲದ ಹಸಿವು ಅವನನ್ನು ದಿನವೂ ತುಸುತುಸು ತಿನ್ನುತ್ತಿತ್ತು. ಮನೆಯಲ್ಲಿ ಮರೆ ಸಿಗದ ಮಗು ಸುಳ್ಳಿನ ಮರೆಗೆ ಹೋಗಿತ್ತು. ಆ ಮೀನಿಗಾದರೋ ತನ್ನ ಮರಿಯ ಗುರುತಿರಲಿಲ್ಲ. ನನಗಿತ್ತು.

ಅಂದು ರಾತ್ರಿ ಶ್ರೀಗ್ರಂಥದ ಎರಡು ಪ್ರಸಂಗಗಳು ನೆನಪಾದವು. ಮೋಶೆಯ ತಾಯಿ ಫರೋಹನ ಆಜ್ಞೆಗೆ ಹೆದರದೆ ಮಗುವನ್ನು ಮೂರು ತಿಂಗಳು ಬಚ್ಚಿಟ್ಟಳು. ಅನಂತರ ಬುಟ್ಟಿಯಲ್ಲಿ ಮಲಗಿಸಿ ನದಿಯಂಚಿನ ಜೊಂಡಿನ ನಡುವೆ ಇಟ್ಟಳು. ಸಂತ ಜೋಸೆಫರು ಹೆರೋದನ ಕತ್ತಿಯಿಂದ ಬಾಲಯೇಸುವನ್ನು ಪಾರುಮಾಡಲು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು. ಲೋಕೋದ್ಧಾರಕನಿಗೂ ಬಾಲ್ಯದಲ್ಲಿ ಒಂದು ಮರೆ ಬೇಕಾಯಿತು. ಆಮೇಲೆ ನಜರೇತಿನ ಮನೆಯಲ್ಲಿ ವರುಷಗಟ್ಟಲೆ ಮೌನವಾದ ಬೆಳವಣಿಗೆ. ಅಲ್ಲಿ ಆತನನ್ನು ಯಾರೂ ಯಾರೊಡನೆಯೂ ತೂಗಲಿಲ್ಲ.

ಮರುದಿನ ಮಗನನ್ನು ಕರೆದು ಕ್ಷಮೆ ಕೇಳಿದೆ. ಸುಳ್ಳು ಹೇಳಿದ್ದು ತಪ್ಪೆಂದೂ ಹೇಳಿದೆ. ಮರೆಯೆಂದರೆ ತಪ್ಪನ್ನು ಮುಚ್ಚಿಹಾಕುವುದಲ್ಲ, ತಪ್ಪನ್ನು ಹೆದರದೆ ಹೇಳಿಕೊಳ್ಳಲು ಒಂದು ಜಾಗ ಕೊಡುವುದು. ಅವನ ಅಂಕಗಳ ಮಾತು ಇನ್ನು ನಮ್ಮ ಹೊಸಿಲು ದಾಟದೆಂದು ಮಾತು ಕೊಟ್ಟೆ. ಆ ಮಾತನ್ನು ಒಂದೆರಡು ಸಲ ಮುರಿದದ್ದೂ ಉಂಟು. ಗಣಿತದಲ್ಲಿ ಅವನು ಇಂದಿಗೂ ಮುಂದಿಲ್ಲ. ಆದರೆ ಉತ್ತರಪತ್ರಿಕೆ ಕೊಟ್ಟ ದಿನವೇ ಅದು ನನ್ನ ಕೈಗೆ ಬರುತ್ತದೆ.

ಮರಿಗಳು ಮೂರು ತಿಂಗಳಲ್ಲಿ ಬೆಳೆದು ನಿಂತವು. ತಾಯಿಯ ಬಾಯಿಗೆ ಹಿಡಿಯದಷ್ಟು ದೊಡ್ಡವಾದ ಮೇಲೆ ಅವು ತಾವಾಗಿಯೇ ನಾರಿನ ಮರೆ ಬಿಟ್ಟು ನಡುನೀರಿಗೆ ಬಂದವು. ಯಾರೂ ಅವನ್ನು ಹೊರಗೆ ಎಳೆಯಬೇಕಾಗಲಿಲ್ಲ. ಹೆಚ್ಚಾದ ಮೀನುಗಳನ್ನು ಬೋರನಕಣಿವೆಗೆ ಬಿಟ್ಟುಬರೋಣವೆಂದು ಮಗ ಕೇಳಿದಾಗ ಬೇಡವೆಂದೆ. ಹೊರನಾಡಿನ ಈ ಮೀನು ನಮ್ಮ ಹೊಳೆ ಕೆರೆಗಳನ್ನು ಸೇರಿದರೆ ಇಲ್ಲಿನ ಮೀನುಗಳ ಮೊಟ್ಟೆ ಮರಿಗಳಿಗೆ ಕುತ್ತಾಗಬಹುದು. ನಮ್ಮ ಮರಿಗಳ ಬಾಳಿಗಾಗಿ ಜೊಂಡಿನೊಳಗಿನ ಮರಿಗಳ ಮರೆಯನ್ನು ಕಸಿಯಬಾರದು. ಅವು ನೆರೆಯವರ ಮುಚ್ಚಿದ ತೊಟ್ಟಿಗಳಿಗೆ ಹೋದವು.

ಪ್ರಿಯ ಓದುಗರೇ, ಇಂದು ರಾತ್ರಿ ಕುಟುಂಬ ಪ್ರಾರ್ಥನೆಗೆ ಕುಳಿತಾಗ ನಿಮ್ಮ ಮಕ್ಕಳ ಮುಖಗಳನ್ನು ಒಮ್ಮೆ ನೋಡಿರಿ. ನಿಮ್ಮ ನೆರಳು ಬಿದ್ದಾಗ ಅವರು ನಿಮ್ಮ ಕಡೆಗೆ ಓಡಿ ಬರುತ್ತಾರೆಯೇ, ಅಥವಾ ಗೋಡೆಗೆ ಒತ್ತಿಕೊಳ್ಳುತ್ತಾರೆಯೇ? ತನ್ನ ರೆಕ್ಕೆಯ ಮರೆಯಲ್ಲಿ ನಮ್ಮೆಲ್ಲರನ್ನೂ ಕಾಯುವ ತಂದೆಯು, ನಮ್ಮ ಮನೆಗಳ ಮರಿಗಳಿಗೂ ಒಂದಿಷ್ಟು ಮರೆ ಕೊಡುವ ಮನಸ್ಸನ್ನು ನಮಗೆ ದಯಪಾಲಿಸಲಿ.