ಅಪ್ಪನ ಟ್ರಂಕ್, ಭಾಗ 4: ಆ 20 ಪರ್ಸೆಂಟ್

ಹೋದ ಭಾಗ ಓದಿ "ನಿಮ್ಮನೇಲಿ ಟಿವಿ ಸೌಂಡ್ ಯಾಕೆ ಅಷ್ಟು ಜೋರು?" ಅಂತ ಕೇಳಿದ್ರಲ್ಲ, ಉತ್ತರ ಇಲ್ಲಿದೆ. ಅಪ್ಪ ಫಿರಂಗಿ ದಳದಲ್ಲಿ 24 ವರ್ಷ ಇದ್ರು. 2021ರಲ್ಲಿ ಹವಾಲ್ದಾರ್ ಆಗಿ ನಿವೃತ್ತಿ. ಎಡಗಿವಿ ಕೇಳ್ಸೋದೇ ಇಲ್ಲ ಅನ್ಬಹುದು. ಒಂದು ಅಪಾರ್ಟ್‌ಮೆಂಟ್ ಗೇಟಲ್ಲಿ ಕೆಲಸಕ್ಕೆ ಸೇರಿದ್ರು. ಕಾರಿನ ಹಾರ್ನ್ ಕೇಳ್ಸಲ್ಲ ಅಂತ ನಾಲ್ಕೇ ತಿಂಗಳಿಗೆ ಬಿಡಿಸಿದ್ರು.

ಸ್ಕಾಲರ್‌ಶಿಪ್‌ಗೆ ಅಂತ ಆದಾಯ ಪ್ರಮಾಣಪತ್ರ ಹುಡುಕುವಾಗ ಟ್ರಂಕ್ ತಳದಲ್ಲಿ ಒಂದು ಹಳೇ ಪತ್ರ ಸಿಕ್ತು. ಅಂಗವೈಕಲ್ಯ 20%, ಜೀವನಪೂರ್ತಿ. ಆದ್ರೆ ಅದು "ಸೇವೆಯಿಂದ ಬಂದಿದ್ದಲ್ಲ, ಸೇವೆಯಿಂದ ಹೆಚ್ಚಾಗಿದ್ದೂ ಅಲ್ಲ." ಹಾಗಾಗಿ ಅಂಗವೈಕಲ್ಯ ಪಿಂಚಣಿ ಇಲ್ಲ. ಮೇಲ್ಮನವಿಗೆ ಆರು ತಿಂಗಳು ಟೈಮ್ ಇತ್ತು. ಅದು ಯಾವತ್ತೋ ಮುಗಿದಿತ್ತು. ಅಪ್ಪ ಮನೇಲಿ ಯಾರಿಗೂ ಹೇಳಿರಲಿಲ್ಲ.

ನಾನು ಬಿಕಾಂ ಅಲ್ವಾ, ಲೆಕ್ಕಕ್ಕೆ ಕೂತೆ. ಅಪ್ಪ ನಿವೃತ್ತರಾದಾಗ ಇದ್ದ ನಿಯಮದಲ್ಲಿ, ಸೇವೆಯಿಂದಲೇ ಆಗಿದ್ದು ಅಂತ ಒಪ್ಪಿದ್ರೆ 20 ಪರ್ಸೆಂಟನ್ನ 50 ಅಂತ ಹಿಡೀತಾರೆ. ಪರೀಕ್ಷೇಲಿ ನಾವು ಹೀಗೆ ರೌಂಡ್ ಆಫ್ ಮಾಡಿದ್ರೆ ಸೊನ್ನೆ! ಅಂದ್ರೆ ತೊಡಕು ಇರೋದು ಪರ್ಸೆಂಟಲ್ಲಿ ಅಲ್ಲ, ಆ ಒಂದು ಸಾಲಲ್ಲಿ.

ಆ ಸಾಲಿನ ಬಗ್ಗೆ ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಅನ್ನೋ ಸಿಪಾಯಿಯ ಕೇಸಲ್ಲಿ ಮಾತಾಡಿದೆ. ಸೈನ್ಯಕ್ಕೆ ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಬಂದ್ರೆ ಸೇವೆಯಿಂದಲೇ ಅಂತ ಭಾವಿಸಬೇಕು, ಅದನ್ನ ಸಾಬೀತು ಮಾಡೋ ಹೊಣೆ ಸೈನಿಕನ ಮೇಲಿಲ್ಲ ಅಂತ. ಅಪ್ಪ ಸೇರುವಾಗ ಪೂರ್ತಿ ಫಿಟ್. 2008ರ ತರ್ಸೇಮ್ ಸಿಂಗ್ ಕೇಸ್ ಪ್ರಕಾರ, ತಡವಾಗಿ ಕೇಳಿದ್ರೂ ಪಿಂಚಣಿಯ ಹಕ್ಕು ಹೋಗಲ್ಲ, ಆದ್ರೆ ಹಳೇ ಬಾಕಿ ಸಿಗೋದು ಮೂರು ವರ್ಷದ್ದು ಮಾತ್ರ. ಅಂದ್ರೆ ನಾವು ಸುಮ್ಮನಿದ್ದಷ್ಟೂ ತಿಂಗಳಿಗೊಂದು ಕಂತು ಕೈಬಿಡುತ್ತೆ.

ಇದನ್ನೆಲ್ಲ ಅಪ್ಪಂಗೆ ಹೇಳ್ದೆ. ಅವರು ಹೇಳಿದ್ದು ಇಷ್ಟೇ: "ನನ್ ಜೊತೆ ಹೋದವ್ರಲ್ಲಿ ಕೆಲವ್ರು ವಾಪಸ್ಸೇ ಬರ್ಲಿಲ್ಲ ಮಗಾ. ನಾನು ಒಂದ್ ಕಿವಿಗೆ ಅರ್ಜಿ ಹಾಕ್ಲಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅಮ್ಮ ಅಂದ್ರು, "ಅದು ಭಿಕ್ಷೆ ಅಲ್ಲ ಕಣ್ರೀ, ನಿಮ್ಮ ಬಾಕಿ."

ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳ್ಕೊಂಡು ಬಂದ್ವಿ. ತಡ ಆಗಿದ್ದಕ್ಕೆ ಕಾರಣ, ವೈದ್ಯಕೀಯ ಮಂಡಳಿಯ ವರದಿ, ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು ಅನ್ನೋ ವಿವರ ಎಲ್ಲ ಸೇರಿಸಿ ನಾನೇ ಟೈಪ್ ಮಾಡ್ದೆ. ಓದಿ ಹೇಳೋಕೆ ಹೋದಾಗ ಅಪ್ಪ ಬಲಗಿವಿ ನನ್ನ ಕಡೆ ತಿರುಗಿಸಿ ಕೂತ್ರು. "ಜೋರಾಗಿ ಓದು" ಅಂದ್ರು. ಆಮೇಲೆ ಸಹಿ ಹಾಕಿದ್ರು.

ಸ್ಪೀಡ್ ಪೋಸ್ಟ್ ಮಾಡಿ ಒಂದು ತಿಂಗಳಾಯ್ತು, ಉತ್ತರ ಬಂದಿಲ್ಲ. ಬಂದ್ರೆ ಇಲ್ಲೇ ಹೇಳ್ತೀನಿ.

ನಿಮ್ಮನೇಲೂ ಯಾರಾದ್ರೂ ಮಾಜಿ ಸೈನಿಕರು ಇದ್ರೆ ಇವತ್ತೇ ಅವರ ಟ್ರಂಕ್ ತೆಗೆಸಿ. ಅಂಥ ಪತ್ರ ಇದ್ರೆ ಮೊದಲು ಅದರ ತಾರೀಕು ನೋಡಿ.

#ಅಪ್ಪನಟ್ರಂಕ್ #ಮಾಜಿಸೈನಿಕ