ಕೂತುಹೋದ ಕಮಾನು

ಆಫೀಸಲ್ಲಿ ಯಾರಾದ್ರೂ ಸ್ಪೋರ್ಟ್ಸ್ ಕಾರ್ ಮಾತೆತ್ತಿದರೆ ನಾನು ಫೋನ್ ತೆಗೆದು ನಮ್ಮ ಮನೆ ಜಿಪ್ಸಿಯ ಫೋಟೋ ತೋರಿಸ್ತೀನಿ. ನಗ್ತಾರೆ, ನಗಲಿ. ಕೊಡಗಿನಲ್ಲಿ ಬೆಳೆದವರಿಗೆ ಅದೇ ಸ್ಪೋರ್ಟ್ಸ್ ಕಾರ್. ರೇಡ್ ದಿ ಹಿಮಾಲಯದಂಥ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿದ ಗಾಡಿ ಅದು. ಮಾರುತಿಯವರು 1985ರಲ್ಲಿ ಜಿಪ್ಸಿ ತಂದರು, 1996ರಲ್ಲಿ 1300 ಸಿಸಿ ಎಂಜಿನ್ ಕೂರಿಸಿ 'ಕಿಂಗ್' ಅಂತ ಹೆಸರಿಟ್ಟರು. ನಮ್ಮದು ಆ ಕಾಲದ ಒಂದು ಕಿಂಗ್. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಕಳೆದ ದೀಪಾವಳಿಗೆ ಸೋಮವಾರಪೇಟೆ ಹತ್ತಿರದ ನಮ್ಮೂರಿಗೆ ಹೋದಾಗ ಸಂಜೆ ಅದರಲ್ಲಿ ಪೇಟೆಗೆ ಹೊರಟ್ವಿ. ಎದುರು ಬಂದ ಗಾಡಿಗಳೆಲ್ಲ ನಮಗೆ ಲೈಟ್ ಹೊಡೀತಿದ್ವು.

"ಈಗಿನ ಹುಡುಗ್ರಿಗೆ ತಾಳ್ಮೆನೇ ಇಲ್ಲ ಕಣೋ, ಡಿಮ್ ಮಾಡಿದ್ರೂ ಹೊಡೀತಾರೆ" ಅಂದ್ರು ಅಪ್ಪ.

ಮನೆಗೆ ಬಂದು ಅಂಗಳದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿದೆ. ಹಿಂಭಾಗ ಕೂತುಹೋಗಿತ್ತು, ಮೂತಿ ಮೇಲೆದ್ದಿತ್ತು. ಹೆಡ್‌ಲೈಟ್ ರಸ್ತೆಗಲ್ಲ, ಎದುರಿನವರ ಕಣ್ಣಿಗೇ ಹೊಡೀತಿತ್ತು. ಟೇಪ್ ಹಿಡಿದು ಚಕ್ರದ ನಡುವಿನಿಂದ ಬಾಡಿ ಅಂಚಿನ ತನಕ ಅಳೆದೆ. ಎಡಗಡೆ ಹಿಂದಿನ ಚಕ್ರದ ಹತ್ತಿರ ಬಲಗಡೆಗಿಂತ ಒಂದೂವರೆ ಇಂಚು ಕಮ್ಮಿ.

ಜಿಪ್ಸಿಯ ನಾಲ್ಕೂ ಚಕ್ರಕ್ಕೆ ಲಾರಿಯ ಹಾಗೆ ಕಮಾನ್ ಪ್ಲೇಟುಗಳೇ. ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ನಡುವೆ ಆಕ್ಸಲ್ಲಿಗೆ ಬಿಗಿದ ಯೂ ಬೋಲ್ಟ್, ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಡುವ ಶ್ಯಾಕಲ್‌ಗೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದ ಆಗುತ್ತೆ, ಆ ಉದ್ದಕ್ಕೆ ಜಾಗ ಕೊಡೋದೇ ಶ್ಯಾಕಲ್ಲಿನ ಕೆಲಸ. ನಮ್ಮದರ ಪ್ಲೇಟು ಖಾಲಿ ಗಾಡಿಯಲ್ಲೇ ಅಡ್ಡೆಯ ಹಾಗೆ ನೇರವಾಗಿತ್ತು.

ಇಂಥದ್ದನ್ನ ನಾವೆಲ್ಲ "ಸ್ಪ್ರಿಂಗ್ ಮೆತ್ತಗಾಗಿದೆ" ಅಂತೀವಿ. ಅದು ಪೂರ್ತಿ ಸರಿಯಲ್ಲ. ಕೂತುಹೋದ ಮಾತ್ರಕ್ಕೆ ಉಕ್ಕಿನ ಬಿಗುಪು ಕಮ್ಮಿಯಾಗಲ್ಲ, ನೂರು ಕೆಜಿ ಹಾಕಿದರೆ ಮೊದಲು ಎಷ್ಟು ತಗ್ಗುತ್ತಿತ್ತೋ ಹೆಚ್ಚುಕಮ್ಮಿ ಈಗಲೂ ಅಷ್ಟೇ ತಗ್ಗುತ್ತೆ. ಆದರೆ ಮಿತಿ ಮೀರಿ ಬಾಗಿ ಬಾಗಿ, ಅದು ತನ್ನ ಹಳೇ ಆಕಾರಕ್ಕೆ ವಾಪಸ್ ಬರೋದನ್ನ ಬಿಟ್ಟಿರುತ್ತೆ. ಇಳಿಯೋಕೆ ಶುರು ಮಾಡೋದೇ ಕೆಳಗಿನಿಂದ. ಹಾಗಾಗಿ ಚಿಕ್ಕ ಗುಂಡಿಗೂ ಆಕ್ಸಲ್ ಹೋಗಿ ಚಾಸಿಯ ರಬ್ಬರಿಗೆ ಬಡಿಯುತ್ತೆ. ಅಮ್ಮ ಆರು ತಿಂಗಳಿಂದ "ಬೆನ್ನು ನೋವು, ಆ ಗಾಡೀಲಿ ಬರಲ್ಲ" ಅಂತಿದ್ದಿದ್ದು ಇದಕ್ಕೇ.

ನನಗೆ ಒಳಗೊಳಗೇ ಖುಷಿ! ಗಾಡಿಯನ್ನ ಎರಡಿಂಚು ಎತ್ತುವ ಗಟ್ಟಿ ಕಮಾನಿನ ಸೆಟ್ ಎಂದಿನಿಂದಲೋ ಕಣ್ಣಲ್ಲಿತ್ತು. ಕುಶಾಲನಗರದ ಮೆಕ್ಯಾನಿಕ್ ಅಣ್ಣನಿಗೆ ಫೋನಲ್ಲಿ ಅದನ್ನೇ ಹೇಳಿದೆ.

"ಗದ್ದೇಲಿ ಆಟೋಕ್ರಾಸ್ ಹೊಡೀತೀರಾ, ಇಲ್ಲ ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ? ಮೊದ್ಲು ಅದನ್ನ ಹೇಳಿ" ಅಂದ್ರು.

ಕಂಪನಿಯ ಅಳತೆಯದೇ ತರಿಸಿದೆ. ಹಳೇದನ್ನೇ ಬಡಿಸಿ ಬಗ್ಗಿಸಿಕೊಡಿ ಅಂತ ಅಪ್ಪ ಕೇಳಿ ನೋಡಿದರು. ತಣ್ಣಗಿರೋ ಪ್ಲೇಟನ್ನ ಬಡಿದು ಎಬ್ಬಿಸಿದರೆ ಬೇಗ ಮತ್ತೆ ಕೂರುತ್ತೆ ಅಂತ ಅವರು ಒಪ್ಪಲಿಲ್ಲ. ಒಂದೇ ಕಡೆ ಹಾಕಿ ಅಂದಿದ್ದಕ್ಕೂ ಒಪ್ಪಲಿಲ್ಲ, ಹಾಕೋದಾದ್ರೆ ಜೋಡಿ.

ಹಬ್ಬದ ಮಾರನೇ ದಿನ ಅವರೇ ಮನೆಗೆ ಬಂದರು. ಹಿಂದಿನ ರಾತ್ರಿಯೇ ನಟ್ಟುಗಳಿಗೆಲ್ಲ ಡೀಸೆಲ್ ಸುರಿದಿಟ್ಟಿದ್ದೆ. ನಮ್ಮೂರ ಮಳೆಗೆ ಕಬ್ಬಿಣ ಅನ್ನೋದು ಬರೀ ತಾತ್ಕಾಲಿಕ ವ್ಯವಸ್ಥೆ. ಡೀಸೆಲ್ಲೂ ಕೆಲಸ ಮಾಡಲಿಲ್ಲ, ಎರಡು ಯೂ ಬೋಲ್ಟ್‌ಗಳನ್ನ ಗ್ರೈಂಡರಲ್ಲೇ ಕತ್ತರಿಸಬೇಕಾಯ್ತು. ಹೇಗೂ ಯೂ ಬೋಲ್ಟ್ ಹಳೇದನ್ನ ಮತ್ತೆ ಹಾಕಬಾರದು. ಚಾಸಿಯನ್ನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಕ್ಸಲ್ಲಿಗೆ ಜಾಕ್ ಕೊಟ್ಟು, ಎಡಗಡೆಯ ಕಮಾನನ್ನ ಎಳೆದು ಅಂಗಳಕ್ಕೆ ಹಾಕಿದಾಗ ಅದು ಎರಡಾಗಿ ಬಿಚ್ಚಿಕೊಳ್ತು. ಮೂರನೇ ಪ್ಲೇಟ್ ಕಟ್ಟಾಗಿತ್ತು. ಅದರ ಸುತ್ತ ಸೈಕಲ್ ಟ್ಯೂಬ್, ಅದರ ಮೇಲೆ ಕಟ್ಟು ತಂತಿ. ಅಪ್ಪನ ಕೈಚಳಕ ಅಂತ ನೋಡಿದ ಕೂಡಲೇ ಗೊತ್ತಾಯ್ತು. ನಮ್ಮನೆ ಪೈಪುಗಳಿಗೆಲ್ಲ ಅದೇ ಗಂಟು.

ಎರಡನೇ ಪ್ಲೇಟಿನಲ್ಲೂ ಬಿರುಕಿತ್ತು. ಮೆಕ್ಯಾನಿಕ್ ಅಣ್ಣ ಅದನ್ನ ವೈಸಿಗೆ ಸಿಗಿಸಿ ಒಂದೇಟು ಕೊಟ್ಟರು, ಮುರೀತು. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ತುಕ್ಕಿನ ಬಣ್ಣ, ಕಾಲು ಭಾಗ ಮಾತ್ರ ಬೆಳ್ಳಿ ಥರ ಹೊಳೀತಿತ್ತು. ತುಕ್ಕು ಹಿಡಿದದ್ದು ಹಳೇ ಬಿರುಕು, ಹೊಳೆಯುವಷ್ಟು ಜಾಗ ಮಾತ್ರ ಇವತ್ತಿನ ತನಕ ಹಿಡ್ಕೊಂಡಿದ್ದು. ಲಾಗ್ ಫೈಲ್ ಓದಿ ಸಂಬಳ ತಗೊಳ್ಳೋನು ನಾನು. ಇಷ್ಟು ಸ್ಪಷ್ಟವಾದ ಲಾಗ್ ನೋಡಿರಲಿಲ್ಲ.

"ಏನಪ್ಪ ಹಾಕ್ತಿದ್ರಿ ಇದ್ರಲ್ಲಿ?"

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಉತ್ತರ ಬಂದಿದ್ದು ಅಮ್ಮನಿಂದ, ಅಡುಗೆಮನೆ ಕಿಟಕಿಯಿಂದ.

"ಪಿಕಪ್‌ನವನನ್ನ ಬಿಡಿಸಿ ಮೂರು ವರ್ಷ ಆಯ್ತು. ಕಾಫಿ ಎಲ್ಲ ಇದ್ರಲ್ಲೇ ಹೋಗೋದು."

ಐವತ್ತು ಕೆಜಿಯ ಮೂಟೆ. ಒಂದು ಸಲಕ್ಕೆ ಹನ್ನೆರಡು. ಜೊತೆಗೆ ಅಪ್ಪ, ಮೂಟೆ ಇಳಿಸೋಕೆ ಒಬ್ಬ ಆಳು. ಈ ಗಾಡಿ ಹೊರಬಹುದಾದದ್ದು ಜನ ಸೇರಿ ಸುಮಾರು ಅರ್ಧ ಟನ್. ಲೆಕ್ಕ ಮಾಡಿದರೆ ಮುಕ್ಕಾಲು ಟನ್ ಹತ್ತಿರ ಬಂತು, ಅದೂ ನಮ್ಮ ತೋಟದ ಇಳಿಜಾರಲ್ಲಿ. 2018ರ ಆಗಸ್ಟಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದಾಗ ಇದೇ ಗಾಡೀಲಿ ಅಪ್ಪ ಅಕ್ಕಿ ಮೂಟೆ ಸಾಗಿಸಿದ್ದರು. ಅದನ್ನ ನಾನು ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ದೆ. ಈ ಮೂರು ವರ್ಷದ ಮೂಟೆಗಳು ಮಾತ್ರ ನನಗೆ ಗೊತ್ತಿರಲಿಲ್ಲ. ಪ್ರತಿ ಭಾನುವಾರ ಫೋನ್ ಮಾಡ್ತಿದ್ದೆ. "ಎಲ್ಲ ಆರಾಮ" ಅಂತಿದ್ದರು.

"ಬಾಡಿಗೆ ಎಷ್ಟು ಕೇಳ್ತಾನೆ ಗೊತ್ತಾ? ಮೊದಲೇ ಆಳುಗಳ ಖರ್ಚು. ನಿಂಗೆ ಹೇಳಿದ್ರೆ ದುಡ್ಡು ಕಳಿಸ್ತೀಯ. ನಿಂದೂ ಫ್ಲ್ಯಾಟ್ ಸಾಲ ಇದೆ" ಅಂದ್ರು ಅಪ್ಪ.

"ಗೌಡ್ರೇ, ಮೇಲಿನ ಮೇನ್ ಪ್ಲೇಟ್ ಇಳಿಜಾರಲ್ಲಿ ಕಟ್ಟಾಗಿದ್ರೆ ಆಕ್ಸಲ್ ಪಕ್ಕಕ್ಕೆ ಎಳ್ಕೊಂಡು ಹೋಗ್ತಿತ್ತು" ಅಂದರು ಮೆಕ್ಯಾನಿಕ್ ಅಣ್ಣ, ತಲೆ ಎತ್ತದೆ. ಆಮೇಲೆ ಯಾರೂ ಮಾತಾಡಲಿಲ್ಲ. ಅಮ್ಮ ಕಾಫಿ ತಂದಿಟ್ಟರು.

ಹೊಸ ಕಮಾನು, ಹೊಸ ರಬ್ಬರ್ ಬುಷ್ ಕೂರಿಸೋದು ಬಿಚ್ಚಿದಷ್ಟು ಕಷ್ಟ ಆಗಲಿಲ್ಲ. ಒಂದು ವಿಷಯ ಮಾತ್ರ ನೆನಪಿಡಿ. ಗಾಡಿ ಸ್ಟ್ಯಾಂಡಿನ ಮೇಲಿರುವಾಗ ಶ್ಯಾಕಲ್ ನಟ್ಟುಗಳನ್ನ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ತಾಗಿ, ಗಾಡಿ ತನ್ನ ಭಾರದಲ್ಲಿ ಕೂತ ಮೇಲೆಯೇ ಕೊನೇ ಬಿಗಿ. ಇಲ್ಲದಿದ್ದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಒಂದಷ್ಟು ದೂರ ಓಡಿಸಿ ಯೂ ಬೋಲ್ಟ್ ಮತ್ತೊಮ್ಮೆ ಬಿಗಿಸಬೇಕು.

ಕತ್ತಲಾದ ಮೇಲೆ ಅಪ್ಪನೇ ಓಡಿಸಿದರು, ಹಿಂದೆ ಅಮ್ಮನೂ ಕೂತರು. ಸೋಮವಾರಪೇಟೆ ತನಕ ಒಬ್ಬರೂ ಲೈಟ್ ಹೊಡೀಲಿಲ್ಲ. ಅದನ್ನ ಅಪ್ಪನೂ ಗಮನಿಸಿದರು ಅಂತ ಕಾಣುತ್ತೆ, ಏನೂ ಹೇಳಲಿಲ್ಲ. ವಾಪಸ್ ಬಂದು ಗಾಡಿ ನಿಲ್ಲಿಸಿ ಹಿಂದಿನ ಚಕ್ರ ನೋಡ್ತಾ ಕೇಳಿದರು.

"ಹೊಸದಲ್ವಾ, ಎಷ್ಟು ಮೂಟೆ ಹಾಕ್ಬೋದು?"

"ಆಳು ಇದ್ರೆ ಆರು. ಅದಕ್ಕಿಂತ ಒಂದೂ ಜಾಸ್ತಿ ಬೇಡ."

"ಸರಿ, ಎಂಟು" ಅಂದ್ರು.

ಪಿಕಪ್‌ನವನ ನಂಬರನ್ನ ಅಮ್ಮನ ಹತ್ರ ಇಸ್ಕೊಂಡೆ. ಈ ಕೊಯ್ಲಿನ ಬಾಡಿಗೆ ನೇರ ಅವನಿಗೇ ಕಳಿಸ್ತಿದ್ದೀನಿ. ಅಪ್ಪ ಎರಡು ವಾರ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ. ಈಗ ಭಾನುವಾರ ಫೋನ್ ಮಾಡಿದಾಗ "ಎಲ್ಲ ಆರಾಮ" ಅಂದ ಮೇಲೂ ನಾನು ಇಡಲ್ಲ, ಅಮ್ಮನಿಗೆ ಕೊಡಿ ಅಂತೀನಿ. ಟೇಪ್ ಎಲ್ಲಿ ಹಿಡೀಬೇಕು ಅಂತ ಅಮ್ಮನಿಗೆ ತೋರಿಸಿಕೊಟ್ಟು ಬಂದಿದ್ದೀನಿ.