ಎದ್ದು ನಿಲ್ಲಿ ಎಂದ ದಿನ

ಇಂಟರ್ನ್‌ಶಿಪ್‌ನ ಮೂರನೇ ವಾರ. ಒಂಬತ್ತನೇ ತರಗತಿಗೆ ‘ಜೀವದ ಮೂಲ ಘಟಕ’ ಪಾಠ. ಉಳ್ಳಾಗಡ್ಡಿಯ ಒಳಪದರದ ತೆಳುಪೊರೆ ಬಿಡಿಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಸ್ಯಾಫ್ರನಿನ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸುವ ಚಟುವಟಿಕೆ. ನಮ್ಮ ಶಿರೋಳದ ಕಡೆ ಎರೆ ಹೊಲದ ಮಕ್ಕಳಿಗೆ ಉಳ್ಳಾಗಡ್ಡಿ ಹೊಸದಲ್ಲ, ಆದರೂ ಪೊರೆ ಹರಿಯದಂತೆ ಬಿಡಿಸುವುದು ನನಗೇ ಬರಲಿಲ್ಲ. ಎರಡನೇ ಬೆಂಚಿನ ಒಬ್ಬ ಹುಡುಗ ಎದ್ದು ಬಂದು, ಉಗುರಿನ ತುದಿಯಿಂದ ಒಂದೇ ಸಲಕ್ಕೆ ತೆಗೆದುಕೊಟ್ಟ. ‘ಹಿಂಗ ಹಿಡೀರಿ ಸರ್’ ಎಂದು ನನಗೆ ತೋರಿಸಿಕೊಟ್ಟ. ಮಕ್ಕಳೆಲ್ಲ ಸಾಲಾಗಿ ಬಂದು ಅವನು ಮಾಡಿದ ಸ್ಲೈಡನ್ನೇ ನೋಡಿದರು. ಪಾಠ ಚೆನ್ನಾಗಿ ಆಯಿತು. ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂದೇ ಬಂತು.

ಪಾಠ ಮುಗಿದು ಗಂಟೆ ಹೊಡೆಯಲು ಐದು ನಿಮಿಷ ಉಳಿದಿತ್ತು. ತರಗತಿ ಶಿಕ್ಷಕರು ಬೆಳಿಗ್ಗೆಯೇ ಒಂದು ಕೆಲಸ ವಹಿಸಿದ್ದರು. ವಿದ್ಯಾರ್ಥಿವೇತನದ ಅರ್ಜಿಗೆ ಯಾರ್‍ಯಾರ ಜಾತಿ ಪ್ರಮಾಣಪತ್ರದ ಆರ್.ಡಿ. ನಂಬರ್ ಬಂದಿಲ್ಲ ನೋಡಿ ಬರೆದುಕೊಡಬೇಕಿತ್ತು. ನಾನು ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, ‘ಎಸ್ಸಿ, ಎಸ್ಟಿ ಇದ್ದವ್ರು ಎದ್ದ ನಿಂದರ್ರಿ’ ಎಂದೆ.

ಇಷ್ಟೇ ನಾನು ಆಡಿದ ಮಾತು. ಸಿಟ್ಟಿನಿಂದ ಆಡಿದ್ದಲ್ಲ, ತಾತ್ಸಾರದಿಂದಲೂ ಅಲ್ಲ. ಹಾಜರಿ ಕರೆದಂತೆ ಆಡಿದ್ದು.

ಕೆಲವರು ಎದ್ದರು. ಎಣಿಸಿದೆ, ಪಟ್ಟಿಗಿಂತ ಒಂದು ಕಡಿಮೆ ಬಂತು. ಪಟ್ಟಿ ನೋಡಿ ಉಳಿದ ಹೆಸರನ್ನು ಜೋರಾಗಿ ಕರೆದೆ. ಎರಡನೇ ಬೆಂಚಿನ ಆ ಹುಡುಗನೇ ಎದ್ದ. ಬೇರೆ ಊರಿನಿಂದ ಬಸ್ಸಿಗೆ ಬರುವವನು, ಆ ವರ್ಷವಷ್ಟೇ ಈ ಶಾಲೆಗೆ ಸೇರಿದ್ದ. ಅವನ ಪಕ್ಕದ ಹುಡುಗ ತಲೆ ಎತ್ತಿ ಅವನ ಮುಖ ನೋಡಿದ. ನಾನು ಕೇಳಿದೆ: ‘ನಂಬರ್ ತಂದೀಯೇನು?’ ‘ನಾಳೆ ತರ್ತೇನ್ರಿ ಸರ್.’ ಗಂಟೆ ಹೊಡೆಯಿತು.

ನಾಳೆ ಅವನು ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಹೆಸರುಕಾಯಿ ಬಿಡಿಸುವ ಕಾಲ, ಅರ್ಧ ತರಗತಿಯೇ ಹೊಲದಲ್ಲಿರುತ್ತದೆ. ಇವನೂ ಹಾಗೇ ಎಂದುಕೊಂಡೆ. ಹಾಗೇ ಇದ್ದಿರಲೂಬಹುದು.

ಅಂದು ಹಿಂದಿನ ಬೆಂಚಿನಲ್ಲಿ ನನ್ನ ಪಾಠ ವೀಕ್ಷಿಸಿದವನು ನನ್ನ ಹಾಸ್ಟೆಲ್ ಕೋಣೆಯ ಗೆಳೆಯ, ಸಹ ಪ್ರಶಿಕ್ಷಣಾರ್ಥಿ. ಬಸ್ಸಿನಲ್ಲಿ ನರಗುಂದ ದಾಟುವವರೆಗೂ ಅವನು ಮಾತಾಡಲಿಲ್ಲ. ಆಮೇಲೆ ಕಿಟಕಿಯ ಕಡೆ ಮುಖ ಇಟ್ಟುಕೊಂಡೇ ಹೇಳಿದ: ‘ನಾ ಎರಡನೇತ್ತದಿಂದ ಹತ್ತನೇತ್ತದ ತನಕ ಹಂಗ ಎದ್ದ ನಿಂತೀನಲೇ. ವರ್ಷಕ್ಕ ಎರಡು ಸಲ, ಮೂರು ಸಲ. ಪುಸ್ತಕ ಬಂದಾಗೊಮ್ಮೆ, ಸ್ಕಾಲರ್‌ಶಿಪ್ ಬಂದಾಗೊಮ್ಮೆ. ಎದ್ದಾಗ ಯಾರೂ ಏನೂ ಅನ್ನಂಗಿಲ್ಲ. ಕುಂತ ಮ್ಯಾಲೆ ಬಾಜೂಕಿನಂವ ಸ್ವಲ್ಪ ಸರದು ಕುಂದರ್ತಾನ, ಅಷ್ಟ.’

ಒಂದು ವರ್ಷದಿಂದ ಒಂದೇ ಕೋಣೆಯಲ್ಲಿದ್ದೇವೆ. ಇದನ್ನು ಅವನು ಅದುವರೆಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ನಾನು ಕೇಳಿದ್ದು ಬೇರೆ. ಕಾಲೇಜು ಸೇರಿದ ಮೊದಲ ರಾತ್ರಿ, ಟ್ರಂಕು ಇಡುವ ಮೊದಲೇ, ‘ನಿಂದು ಯಾವ ಕೆಟಗರಿ ದೋಸ್ತ?’ ಎಂದಿದ್ದೆ. ಪ್ರವೇಶ ಪಟ್ಟಿಯಲ್ಲಿ ಹೆಸರಿನ ಮುಂದೆ ಅದೇ ಕಾಲಂ ಇತ್ತಲ್ಲ, ಎಲ್ಲರೂ ಎಲ್ಲರನ್ನೂ ಅದನ್ನೇ ಕೇಳುತ್ತಿದ್ದರು. ನಾನು ಕುಳಿತೇ ಬೆಳೆದವನು. ಶಾಲೆಯಲ್ಲಿ ಇಂಥ ಪಟ್ಟಿ ಓದುವಾಗ ನನಗೆ ಅದು ಪಾಠದ ನಡುವೆ ಸಿಕ್ಕ ಬಿಡುವಾಗಿತ್ತು. ಎದ್ದವರು ಯಾರು ಎಂದು ನೋಡಿದ್ದೆ, ನೋಡಿ ನೆನಪಿಟ್ಟುಕೊಂಡಿದ್ದೆ ಕೂಡ. ಈಗಲೂ ನನ್ನ ಹೈಸ್ಕೂಲಿನ ಗೆಳೆಯರಲ್ಲಿ ಯಾರು ಎದ್ದಿದ್ದರು ಎಂದು ಹೇಳಬಲ್ಲೆ. ಅವರಿಗೆ ಗಣಿತದಲ್ಲಿ ಎಷ್ಟು ಅಂಕ ಬಂದಿತ್ತು ಎಂದು ಕೇಳಿದರೆ ಹೇಳಲಾರೆ.

ವಿಚಿತ್ರವೆಂದರೆ ಅದೇ ಸೆಮಿಸ್ಟರ್‌ನಲ್ಲಿ ಸಮಾವೇಶಿ ಶಿಕ್ಷಣದ ಮೇಲೆ ನಿಯೋಜಿತ ಕಾರ್ಯ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅದರಲ್ಲಿ ಇಳಿಜಾರು ದಾರಿ ಇತ್ತು, ಬ್ರೈಲ್ ಇತ್ತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇತ್ತು. ಎಲ್ಲವೂ ಬೇಕಾದದ್ದೇ. ಆದರೆ ಶಿಕ್ಷಕನ ಬಾಯಿಯಿಂದಲೇ ಒಂದು ಮಗು ಹೊರಗೆ ಬೀಳಬಹುದು ಎಂಬುದು ಆ ಹಾಳೆಗಳಲ್ಲಿ ಎಲ್ಲಿಯೂ ಇರಲಿಲ್ಲ.

ನಮ್ಮ ಉಪನ್ಯಾಸಕರೊಬ್ಬರಿಗೆ ಹೇಳಿಕೊಂಡೆ. ಅವರು ಬೈಯಲಿಲ್ಲ, ಓದಲು ಕೊಟ್ಟರು. ಮೊದಲನೆಯದು ವಿಶ್ವವಿದ್ಯಾಲಯ ಧನಸಹಾಯ ಆಯೋಗ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನತೆಗಾಗಿ 2012ರಲ್ಲಿ ಹೊರಡಿಸಿದ ನಿಯಮಗಳು. ಪ್ರತಿ ಕಾಲೇಜಿನಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದು ಅದರಲ್ಲಿದೆ. ಅಷ್ಟೇ ಅಲ್ಲ, ವಿದ್ಯಾರ್ಥಿಗಳ ಜಾತಿಯ ಹೆಸರನ್ನು ತರಗತಿಯಲ್ಲಿ ಘೋಷಿಸುವುದನ್ನು, ಅವರಿಗೆ ‘ಮೀಸಲಾತಿಯವರು’ ಎಂದು ಹಣೆಪಟ್ಟಿ ಹಚ್ಚುವುದನ್ನು ಕಿರುಕುಳದ ಸಾಲಿನಲ್ಲೇ ಸೇರಿಸಿ ಬರೆದಿದ್ದಾರೆ. ಓದಿ ಕಿವಿ ಬಿಸಿಯಾಯಿತು. ಆದರೆ ಅದು ಕಾಲೇಜಿಗೆ ಬರೆದ ನಿಯಮ. ಅತ್ತ 2009ರ ಶಿಕ್ಷಣ ಹಕ್ಕು ಕಾಯ್ದೆ ಹಿಂದುಳಿದ ಗುಂಪಿನ ಮಗುವಿಗೆ ತಾರತಮ್ಯ ಆಗಬಾರದು ಎನ್ನುತ್ತದೆ, ಅದು ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂಟನೇ ತರಗತಿಯವರೆಗೆ. ನನ್ನ ಹುಡುಗ ಒಂಬತ್ತನೇ ತರಗತಿ! ಸಂವಿಧಾನ ಎಲ್ಲರಿಗೂ ಇದೆ ನಿಜ, ಆದರೆ ಸಂವಿಧಾನದ ವಿಧಿ ನೋಡಿ ಹಾಜರಿ ಕರೆಯುವವರನ್ನು ನಾನಿನ್ನೂ ಕಂಡಿಲ್ಲ.

ಎರಡನೆಯ ಓದು ಡಾ. ಅಂಬೇಡ್ಕರ್ ಅವರು 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆ. ಮುಂಬಯಿ ಪ್ರಾಂತದಲ್ಲಿ ದಲಿತರ ಶಿಕ್ಷಣದ ಸ್ಥಿತಿ ಅದರ ವಿಷಯ. ಅಲ್ಲಿ ನಮ್ಮ ಧಾರವಾಡ ಬರುತ್ತದೆ. (1997ರವರೆಗೆ ನಮ್ಮ ನರಗುಂದ, ಶಿರೋಳವೆಲ್ಲ ಧಾರವಾಡ ಜಿಲ್ಲೆಯೇ.) 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಹೋದ ಒಬ್ಬ ಮಹಾರ್ ಹುಡುಗನಿಗೆ ಪ್ರವೇಶ ಕೊಡಲಿಲ್ಲ. ಅವನ ಅರ್ಜಿ ಮುಂಬಯಿ ಸರಕಾರದವರೆಗೆ ಹೋಯಿತು. ನ್ಯಾಯ ಹುಡುಗನ ಕಡೆಗಿದೆ ಎಂದು ಸರಕಾರ ಒಪ್ಪಿಕೊಂಡಿತು, ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆ ಬಿಡುತ್ತಾರೆ ಎಂದು ಸೇರಿಸಿಕೊಳ್ಳಲಿಲ್ಲ. ವಿಷಯ ಕಲ್ಕತ್ತೆಯ ಗವರ್ನರ್ ಜನರಲ್‌ಗೆ ಹೋಯಿತು, ಅಲ್ಲಿಂದ ಲಂಡನ್ನಿಗೆ. 1858ರಲ್ಲಿ ಕಂಪನಿಯ ನಿರ್ದೇಶಕರು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ಸೇರಿದ್ದು ಎಂದು ಬರೆದರು. ಲಂಡನ್ನಿನಿಂದ ಉತ್ತರ ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅಷ್ಟರಲ್ಲಿ ಹುಡುಗ ಎಲ್ಲಿದ್ದನೋ. ನಾನು ಓದಿದ ಪುಟಗಳಲ್ಲಿ ಅವನ ಹೆಸರಿಲ್ಲ, ಜಾತಿ ಮಾತ್ರ ಇದೆ.

ಇದು ಓದಿದ ರಾತ್ರಿ ನನಗೆ ಹೊಳೆದದ್ದು ದೊಡ್ಡ ವಿಚಾರವೇನಲ್ಲ. ಅಂದಿನ ಶಾಲೆಗೆ ಅವನನ್ನು ಹೊರಗಿಡಲು ಒಂದು ಕಾರಣ ಇತ್ತು: ಎಲ್ಲರಿಗೂ ತೊಂದರೆಯಾಗಬಾರದು. ನನಗೂ ಒಂದು ಕಾರಣ ಇತ್ತು: ಐದು ನಿಮಿಷದಲ್ಲಿ ಕೆಲಸ ಮುಗಿಯಬೇಕು. ಎರಡೂ ಅನುಕೂಲದ ಮಾತೇ. ನಮ್ಮ ಜಿಲ್ಲೆಯ ಡಂಬಳದ ರೊಟ್ಟಿ ಜಾತ್ರೆಯಲ್ಲಿ ಎಲ್ಲ ಜಾತಿಯ ಮನೆಗಳ ರೊಟ್ಟಿಯನ್ನು ಒಂದೇ ಕಡೆ ಸೇರಿಸಿ ಎಲ್ಲರೂ ಕೂತು ಉಣ್ಣುತ್ತಾರೆ. ಅದನ್ನು ನಾನು ಭಾಷಣ ಸ್ಪರ್ಧೆಯಲ್ಲಿ ಉದಾಹರಣೆಯಾಗಿ ಬಳಸಿ ಬಹುಮಾನವನ್ನೂ ತೆಗೆದುಕೊಂಡಿದ್ದೆ. ಜಾತ್ರೆ ವರ್ಷಕ್ಕೊಮ್ಮೆ, ತರಗತಿ ದಿನಾ.

ಮಾರ್ಗದರ್ಶಕ ಶಿಕ್ಷಕಿಯವರ ಹತ್ತಿರ ಮಾತಾಡಿದೆ. ಅವರನ್ನು ದೂರಲು ನನಗೆ ಬಾಯಿಲ್ಲ. ಪೋರ್ಟಲ್‌ನ ಕೊನೆಯ ದಿನಾಂಕ, ಬಿಸಿಯೂಟದ ಲೆಕ್ಕ, ಘಟಕ ಪರೀಕ್ಷೆ, ಎಲ್ಲ ಅವರೊಬ್ಬರ ತಲೆಯ ಮೇಲೆ. ‘ಹಂಗ ಕೇಳಿದ್ರ ಜಲ್ದಿ ಆಗ್ತದ್ರೀ, ನಮಗೂ ನಮ್ಮ ಸರ್ ಹಂಗ ಕೇಳ್ತಿದ್ರು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬ್ಯಾರೆ ಹೆಂಗ ಮಾಡ್ತೀರಿ, ಮಾಡಿ ತೋರಸ್ರಿ’ ಎಂದರು.

ಮಾಡಿ ನೋಡಿದರೆ ಕೇಳುವ ಅಗತ್ಯವೇ ಇರಲಿಲ್ಲ. ದಾಖಲಾತಿ ಪುಸ್ತಕದಲ್ಲಿ ಎಲ್ಲವೂ ಇತ್ತು, ಇಲ್ಲದ್ದು ಕೆಲವರ ನಂಬರ್ ಮಾತ್ರ. ಅದಕ್ಕೆ ತರಗತಿಯ ಎಲ್ಲ ಮಕ್ಕಳಿಗೂ ಒಂದೊಂದು ಚೀಟಿ ಕೊಟ್ಟೆವು. ಹೆಸರು, ಹುಟ್ಟಿದ ದಿನಾಂಕ, ಮನೆಯವರ ಫೋನ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇದ್ದರೆ ಅದರ ಆರ್.ಡಿ. ನಂಬರ್, ಇಲ್ಲದಿದ್ದರೆ ಖಾಲಿ. ಎಲ್ಲರೂ ಬರೆದು, ಮಡಚಿ, ಸೀಮೆಸುಣ್ಣದ ಖಾಲಿ ಡಬ್ಬಿಗೆ ಹಾಕಬೇಕು. ಎರಡು ದಿನ ಹಿಡಿಯಿತು. ಅರ್ಧ ಮಕ್ಕಳು ನಂಬರ್ ತಪ್ಪು ಬರೆದರು, ಮನೆಗಳಿಗೆ ಫೋನ್ ಮಾಡಿ ಸರಿಪಡಿಸುವಷ್ಟರಲ್ಲಿ ಸಾಕಾಯಿತು. ಐದು ನಿಮಿಷದ ಕೆಲಸ ಐದು ನಿಮಿಷದಲ್ಲಿ ಆಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಆದರೆ ಹಿಂದುಳಿದ ವರ್ಗದ ಮೂವರು ಹುಡುಗಿಯರು ನಾಡಕಚೇರಿಯಿಂದ ಪ್ರಮಾಣಪತ್ರವನ್ನೇ ಮಾಡಿಸಿಲ್ಲ ಎಂಬುದು ಗೊತ್ತಾದದ್ದು ಖಾಲಿ ಬಿಟ್ಟ ಚೀಟಿಗಳಿಂದಲೇ. ಎದ್ದು ನಿಲ್ಲಿಸಿದ್ದರೆ ಅವರು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಹುಡುಗ ಐದನೇ ದಿನ ಬಂದ. ಎರಡನೇ ಬೆಂಚಿನಲ್ಲಿ ಜಾಗ ಇತ್ತು, ಅವನು ಕೊನೆಯ ಬೆಂಚಿಗೆ ಹೋಗಿ ಕೂತ. ಯಾರಾದರೂ ಏನಾದರೂ ಅಂದರೋ, ಅವನೇ ಹೋದನೋ ನನಗೆ ತಿಳಿಯದು. ಎಲ್ಲರ ಎದುರು ಕ್ಷಮೆ ಕೇಳುವ ಯೋಚನೆ ಬಂದಿತ್ತು. ಗೆಳೆಯ ತಡೆದ. ‘ಮತ್ತೊಮ್ಮೆ ಎಬ್ಬಿಸಿ ನಿಂದರಸ್ತೀ ಏನು?’ ಎಂದ. ಅದೂ ಸರಿಯೇ. ಕೊನೆಗೆ ಸೂಕ್ಷ್ಮದರ್ಶಕ ಕಪಾಟಿನಲ್ಲಿಡಲು ಅವನನ್ನು ಜೊತೆಗೆ ಕರೆದುಕೊಂಡು ಹೋಗಿ, ಕಪಾಟಿನ ಬಾಗಿಲು ಹಾಕುತ್ತ ಹೇಳಿದೆ: ‘ಅವತ್ತು ನಾ ಹಂಗ ಕೇಳಬಾರದಾಗಿತ್ತು.’

‘ಇರ್ಲಿ ಬಿಡ್ರಿ ಸರ್’ ಎಂದ ಅವನು. ‘ಎಲ್ಲಾರೂ ಹಂಗ ಕೇಳ್ತಾರ.’

ಅದಾದ ಮೇಲೆ ಗುಂಪು ಚಟುವಟಿಕೆಗೆ ನಾನು ಮಕ್ಕಳಿಗೆ ತಮ್ಮಷ್ಟಕ್ಕೆ ಗುಂಪು ಮಾಡಿಕೊಳ್ಳಲು ಬಿಡಲಿಲ್ಲ. ಬಿಟ್ಟರೆ ಓಣಿಯ ಪ್ರಕಾರವೇ ಕೂಡುತ್ತಾರೆ ಎಂಬುದು ಆಗಷ್ಟೇ ಕಣ್ಣಿಗೆ ಬಿದ್ದಿತ್ತು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಒಂದೇ ಸಂಖ್ಯೆಯವರನ್ನು ಒಂದು ಕಡೆ ಕೂಡಿಸಿದೆ. ಮೊದಲ ದಿನ ಇಬ್ಬರು ಮುಖ ಗಂಟು ಹಾಕಿದರು. ಕೆನ್ನೆಯ ಒಳಗಿನ ಜೀವಕೋಶ ನೋಡುವ ದಿನ ಮಾತ್ರ ಯಾರ ಸ್ಲೈಡ್ ಯಾರದು ಎಂದು ಮರೆತು ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಹುಡುಗ ತನ್ನ ಗುಂಪಿನವರಿಗೆ ಗಾಜಿನ ಹೊದಿಕೆ ಗಾಳಿಗುಳ್ಳೆ ಬಾರದಂತೆ ಇಡುವುದನ್ನು ಹೇಳಿಕೊಡುತ್ತಿದ್ದ. ಗಂಟೆ ಹೊಡೆದ ಮೇಲೆ ಎದ್ದು ಕೊನೆಯ ಬೆಂಚಿಗೇ ಹೋದ.

ನನ್ನ ಇಂಟರ್ನ್‌ಶಿಪ್ ಮುಗಿಯುವವರೆಗೂ ಅವನು ಅಲ್ಲಿಯೇ ಕೂತಿದ್ದ. ಕೊನೆಯ ದಿನ ಚೀಟಿಯ ನಮೂನೆಯನ್ನು, ಸೀಮೆಸುಣ್ಣದ ಡಬ್ಬಿಯನ್ನು ಮಾರ್ಗದರ್ಶಕ ಶಿಕ್ಷಕಿಯವರ ಮೇಜಿನ ಮೇಲಿಟ್ಟು ಬಂದೆ. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವವರು ಕೇಳಿದರೆ ಕೊಡುತ್ತಾರೆ, ಮೇಜಿನ ಎಡಗಡೆಯ ಖಾನೆಯಲ್ಲಿದೆ.